ಬದನಿಖಂಡ

ಕೊಣ್ಣೂರಿನಲ್ಲಿ ನಮ್ಮ ಪಕ್ಕದ ಮನೆಯ ಮಾಸ್ತರರು ಮೀನೆಂಬ ಮಾತು ಕಿವಿಗೆ ಬಿದ್ದರೂ ಮುಖ ಸಿಂಡರಿಸುವವರು. ಕಾಲಿನ ಹಿಂಬದಿಯ ಸ್ನಾಯು ಮೀನಿನಂತೆ ನಡುವೆ ಉಬ್ಬಿರುವುದರಿಂದ ಅದಕ್ಕೆ ಮೀನಖಂಡವೆಂದು ಹೆಸರಾಯಿತೆಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಆ ಶಬ್ದ ಅವರಿಗಾಗದು. “ಬಾಯಿ ಮೈಲಿಗಿ ಮಾಡ್ಕೋಬ್ಯಾಡ್ರಿ, ಬದನಿಖಂಡ ಅನ್ರಿ,” ಎಂದು ಸಾಲೆಯಲ್ಲೂ ಓಣಿಯಲ್ಲೂ ತಿದ್ದುತ್ತಿದ್ದರು. ಬದನೆಕಾಯಿಯೂ ಹಾಗೆಯೇ ಉಬ್ಬಿರುತ್ತದಲ್ಲ!

ಒಂದು ಮುಂಜಾನೆ ಘಟಪ್ರಭೆಯಲ್ಲಿ ಈಜುವಾಗ ಅವರ ಕಾಲು ಸೆಟೆದುಕೊಂಡಿತು. “ಬದನಿಖಂಡ! ಬದನಿಖಂಡ!” ಎಂದು ಕೂಗಿದರು. ದಂಡೆಯಲ್ಲಿ ಬಲೆ ಬೀಸುತ್ತಿದ್ದ ಅಂಬಿಗ, “ಬದನಿಕಾಯಿ ತೇಲಿ ಹೋದ್ರ ಹೋಗ್ಲಿ ಬಿಡ್ರಿ, ಮಾಸ್ತರ!” ಎಂದ. ಮಾಸ್ತರರು ಮುಳುಗಿ, ಮೇಲೆದ್ದು, “ಮೀನಖಂಡೋ!” ಎಂದು ಚೀರಿದರು. ಅಂಬಿಗ ತಕ್ಷಣ ನೀರಿಗೆ ಹಾರಿ ಎಳೆದು ತಂದ.

ಮರಳಿನ ಮೇಲೆ ಅವರ ಕಾಲು ತಿಕ್ಕುತ್ತ, “ಎಲ್ಲಿ ನೋಯಾಕತ್ತೈತ್ರಿ?” ಎಂದು ಕೇಳಿದ. ಸುತ್ತ ನಾವೆಲ್ಲ ನೆರೆದಿದ್ದೆವು. ಮಾಸ್ತರರು ತುಟಿ ಬಿಗಿಹಿಡಿದು ಬೆರಳು ಮಾಡಿ ತೋರಿಸಿದರು.