ಊರಿನ ಹೆಸರು ಬಿಟ್ಟುಹೋದ ಪಾಠ

ಇವತ್ತು ಬೆಳಿಗ್ಗೆ ಈ ಕೊಲ್ಲಿ ದೇಶದ ಸೆಗಯಾ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟಿನೊಳಗೆ ಕಾಲಿಟ್ಟರೆ ನೋವಿನ ಮುಲಾಮಿನ ವಾಸನೆ. ತಕ್ಷಣ ಪಕ್ಕದ ಫ್ಲ್ಯಾಟಿನಲ್ಲಿದ್ದ ಮಾಸ್ಟ್ರು ನೆನಪಾದರು. ನಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಅವರು ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ತಮ್ಮ ಮನೆಯಲ್ಲಿ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ನಮಗೆ ಇತಿಹಾಸ ಹೇಳಿಕೊಡುತ್ತಿದ್ದರು...

ಪುಸ್ತಕದಲ್ಲಿ ಅಥೆನ್ಸಿನ ಕಥೆ ಪ್ರಜಾಪ್ರಭುತ್ವದ ಹೊಗಳಿಕೆಗೇ ಮುಗಿಯುತ್ತಿತ್ತು. ಮಾಸ್ಟ್ರಿಗೆ ಅಷ್ಟು ಸಾಕಾಗಲಿಲ್ಲ. ಮೆಸಿಡೋನಿಯದವರ ಎದುರು ಅಥೆನ್ಸ್ ಸೋತ ಮೇಲೆ ಏನಾಯಿತೆಂದು ಕಣ್ಣಿಗೆ ಕಟ್ಟುವಂತೆ ಹೇಳಿದರು. "ಬಂದರಿನ ಗುಡ್ಡದ ಮೇಲೆ ಪರದೇಶದ ಸೈನ್ಯ ಕೂತಿದೆ. ಬಡವರಿಗೆ ಓಟಿಲ್ಲ. ಸಭೆ ಸೇರ್ತದೆ, ಕೈ ಎತ್ತುತ್ತಾರೆ, ತೀರ್ಮಾನ ಮಾತ್ರ ಬೇರೆಯವರದ್ದು!"

ಪರೀಕ್ಷೆಗೆ ಬೇಕೆಂದು ನನ್ನ ಗೆಳತಿ ಇಷ್ಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮಾಸ್ಟ್ರು ಎಷ್ಟು ಚಂದ ಹೇಳುತ್ತಾರೆಂದು ಅವಳ ಮಮ್ಮಿ ಅದನ್ನು ಊರಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಗ್ರಹಚಾರ! ಆ ತುಣುಕಿನಲ್ಲಿ ಅಥೆನ್ಸ್ ಎಂಬ ಹೆಸರೇ ಇರಲಿಲ್ಲ. ಕೇಳಿದವರಿಗೆ ನಾವಿರುವ ಈ ದೇಶವನ್ನೇ ಬೈದ ಹಾಗಿತ್ತು.

ಕೇಳಿದ್ದೇ ತಡ, ಪಪ್ಪ ಪಕ್ಕದ ಮನೆಗೆ ಓಡಿದರು. ನಾನೂ ಹಿಂದೆಯೇ ಹೋದೆ.

"ಮಾಸ್ಟ್ರೇ, ನಮಗೆ ಯಾಕೆ ಮಾರಾಯ್ರೆ ರಾಜಕೀಯ? ವೀಸಾ ಕ್ಯಾನ್ಸಲ್ ಮಾಡಿ ವಿಮಾನ ಹತ್ತಿಸಿದ್ರೆ?"

"ಅದು ಗ್ರೀಸಿನದ್ದು! ಎರಡು ಸಾವಿರ ವರ್ಷದ ಹಿಂದಿನದ್ದು!" ಎಂದರು ಮಾಸ್ಟ್ರು.

"ನಿಮಗೆ ಗೊತ್ತುಂಟು. ಕೇಳಿದವರಿಗೆ ಗೊತ್ತುಂಟಾ?"

ಪಪ್ಪ ಆ ತುಣುಕನ್ನು ಗ್ರೂಪಿನಿಂದ ತೆಗೆಸಿದರು. ಅಷ್ಟರಲ್ಲಿ ದೂರದ ಅಸ್ಕರಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದವರೂ ಕೇಳಿಯಾಗಿತ್ತಂತೆ. ಇನ್ನು ಎಲ್ಲೆಲ್ಲಿಗೆ ಹೋಗಿತ್ತೋ... ಪಕ್ಕದ ಮನೆಯ ಬೆಲ್ ಹೊಡೆದರೆ ಸಾಕು, ಪೊಲೀಸರಾ ಎಂದು ನಾನು ಬಾಗಿಲ ಕಿಂಡಿಯಿಂದ ಇಣುಕುತ್ತಿದ್ದೆ. ಮಾಸ್ಟ್ರ ಹೆಂಡತಿ ಬಟ್ಟೆ ತುಂಬಿದ ಬ್ಯಾಗನ್ನು ಬಾಗಿಲ ಹತ್ತಿರವೇ ಇಟ್ಟುಕೊಂಡಿದ್ದರು. ಮಕ್ಕಳನ್ನು ಯಾರೂ ಪಾಠಕ್ಕೆ ಕಳಿಸಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ನಮಸ್ಕಾರವೂ ಇಲ್ಲ. ಪಾಪ, ಅವರು ತಲೆ ತಗ್ಗಿಸಿ ಇಳಿದುಹೋಗುತ್ತಿದ್ದರು.

ಕೊನೆಗೆ ಯಾರೂ ಬರಲಿಲ್ಲ. ಒಂದು ಫೋನೂ ಬರಲಿಲ್ಲ. ಆದರೂ ಮಾಸ್ಟ್ರು ಆ ವರ್ಷ ಮುಗಿಯುವ ಮೊದಲೇ ತಾವಾಗಿ ಕೆಲಸ ಬಿಟ್ಟು ಮಂಗಳೂರಿಗೆ ಹೊರಟುಹೋದರು. ಅಲ್ಲಿ ಮತ್ತೆ ಯಾರಿಗೂ ಪಾಠ ಹೇಳಲಿಲ್ಲವಂತೆ. ಕಳೆದ ವರ್ಷ ತೀರಿಕೊಂಡರು. ಅವರ ಹಾಗೆ ಹೇಳುವವರು ನನಗೆ ಮತ್ತೆ ಸಿಗಲಿಲ್ಲ.

ಈಗ ಶುಕ್ರವಾರದ ಪಾಠ ನನ್ನದು. ಇವತ್ತು ಅಥೆನ್ಸ್ ಬಂತು. ಸೋತ ಮೇಲಿನ ಕಥೆಯನ್ನು ಬಿಡಲು ಮನಸ್ಸು ಬರಲಿಲ್ಲ, ಹೇಳಿದೆ. ಮುಂದೆ ಕೂತಿದ್ದ ಹುಡುಗಿ ಕಿಸಕ್ಕನೆ ನಕ್ಕಳು.

"ಮಿಸ್, ಪ್ರತಿ ಸೆಂಟೆನ್ಸಲ್ಲೂ ಅಥೆನ್ಸ್ ಅಥೆನ್ಸ್ ಅಂತ ಯಾಕೆ ಹೇಳ್ತೀರಿ?"

ನನಗೆ ನಗು ಬರಲಿಲ್ಲ. ಅವಳ ಫೋನ್ ಎಲ್ಲಿದೆ ಎಂದು ನೋಡಿದೆ.