ಗೂಡ್ಸ್ ಆಟೋದಲ್ಲಿ ಬಂದ ತವರಿನ ಹಸು

ಗೆಳೆಯರೇ, ಇವತ್ತು ಚನ್ನರಾಯಪಟ್ಟಣದ ನನ್ನ ಆಫೀಸಿನಲ್ಲಿ ಒಂದು ನೋಟಿಸೂ ಕಳಿಸದೆ ಕೇಸು ಗೆದ್ದೆ.

ಗಂಡನ ಮನೆ ಬಿಟ್ಟು ಬಂದ ಸವಿತಾ ಕೇಳಿದ್ದು ತವರಿನವರು ಕೊಟ್ಟಿದ್ದ ಹಸುವನ್ನು ಮಾತ್ರ. ಬೆಳಿಗ್ಗೆ ಮಾತುಕತೆಗೆ ಕರೆಸಿದರೆ ಅವಳ ಗಂಡ ಮೇಜು ಕುಟ್ಟಿದ: "ಅಸು ಕೊಡಕ್ಕಿಲ್ಲ. ಯಾವ್ ಕೋರ್ಟಿಗ್ ಓಯ್ತೀರೋ ಓಗಿ!"

ನಾನು ಎಲ್‌ಎಲ್‌ಬಿಗೆ ಮುಂಚೆ ದಂಡಿಗನಹಳ್ಳಿಯ ಕೊಟ್ಟಿಗೆಯಲ್ಲಿ ಓದಿದವಳು. "ಆಗ್ಲಿ, ನೀನೇ ಇಟ್ಕಳಪ್ಪ. ಈಗ ಹಾಲು ಯಾರು ಕರೀತಾರೆ?" ಎಂದೆ.

ಅವನ ಜೊತೆ ಬಂದಿದ್ದ ತಾಯಿ ಬಾಯಿಬಿಟ್ಟರು: "ಇವಳು ಮನೆ ಬಿಟ್ಟಾಗ್ಲಿಂದ ಅಸು ಯಾರ್ನೂ ಅತ್ರ ಸೇರ್ಸಲ್ಲ ಲಾಯರಮ್ಮ. ನೆನ್ನೆ ಇವನ ಮೊಣಕಾಲಿಗೇ ಒದ್ಬುಡ್ತು."

"ಹಂಗಾದ್ರೆ ಕೇಸು ಮುಗಿಯೋವರ್ಗೂ ಮೇವು ಹಾಕಿ, ಒದೆಸ್ಕಳಿ. ಬೇಗ ಮುಗಿಯೋ ಕೇಸಲ್ಲ ಇದು."

ಮಧ್ಯಾಹ್ನ ಗೂಡ್ಸ್ ಆಟೋ ಬಂತು; ಹಸುವೂ ಕರುವೂ ಇಳಿದವು. ಸವಿತಾ ಹಸುವಿನ ಬೆನ್ನು ಸವರಿ, ನನ್ನ ಆಫೀಸಿನ ಬಕೆಟ್ಟನ್ನೇ ತೊಳೆದು, ಅಲ್ಲೇ ಬೀದಿಯಲ್ಲಿ ಹಾಲು ಕರೆದಳು. ಹಸು ಕಾಲು ಕದಲಿಸಲಿಲ್ಲ. ಗಂಡ ಆಟೋದಿಂದ ಇಳಿಯಲೇ ಇಲ್ಲ.

ಸಂಜೆ ಅವರ ಕಡೆಯ ವಕೀಲರ ಫೋನ್: "ಯಾವ ಸೆಕ್ಷನ್ ಹಾಕಿದ್ರಿ ಮೇಡಂ?"

"ಕಾಫಿ ಕುಡೀತಾ ಇದೀನಿ ಸಾರ್," ಎಂದೆ, "ಹಾಲು ಬಹಳ ಗಟ್ಟಿಯಾಗಿದೆ."