ಹನ್ನೊಂದು ಪ್ಲಮ್ ಕಡುಬು

ತೊಂಬತ್ತರ ದಶಕದಲ್ಲಿ ನಾನು ಕತಾರಿನ ಅಲ್ ಖೋರ್‌ನಲ್ಲಿದ್ದಾಗ, ನಮ್ಮ ಗ್ಯಾಸ್ ಘಟಕದ ಚೆಕ್ ಎಂಜಿನಿಯರ್ ಒಂದು ಶುಕ್ರವಾರ ನನ್ನನ್ನೂ ಮಂಗಳೂರಿನ ಗೆಳೆಯನನ್ನೂ ದೋಹಾಕ್ಕೆ ಊಟಕ್ಕೆ ಕರೆದೊಯ್ದರು. ಅಲ್ಲಿಯ ಹೋಟೆಲೊಂದಕ್ಕೆ ಅವರ ದೇಶದ ಅಡುಗೆಯವರೊಬ್ಬರು ತಿಂಗಳ ಮಟ್ಟಿಗೆ ಬಂದಿದ್ದರು. ಮೆನು ತುಂಬ ಮಾಂಸವೇ. ನಾನು ತಿನ್ನುವುದಿಲ್ಲವೆಂದು ತಿಳಿದಿದ್ದ ಎಂಜಿನಿಯರ್ ನನಗೆ ಕಡುಬು ತರಿಸಿದರು. ಒಳಗೆ ಇಡೀ ಪ್ಲಮ್ ಹಣ್ಣು, ಮೇಲೆ ಗಸಗಸೆ, ಸಕ್ಕರೆ, ಬೆಣ್ಣೆ.

"ನಮ್ಮ ಮನೇಲಿ ಬೀಜಗಳನ್ನ ತಟ್ಟೆಯ ಅಂಚಿಗಿಟ್ಟು ಕೊನೆಗೆ ಎಣಿಸ್ತೇವೆ. ನಾನು ಹತ್ತು ತಿಂದವನು," ಎಂದರು.

ಊರಿನ ಹೋಳಿಗೆ ಪಂಕ್ತಿಯಲ್ಲಿ ನಾನು ಯಾರಿಗೂ ಸೋತವನಲ್ಲ. ಆರಕ್ಕೆ ಬೆಲ್ಟ್ ಸಡಿಲಿಸಿದೆ. ಎಂಟಾದಾಗ ಗೆಳೆಯ ಹೆದರಿದ.

"ಖಲಾಸ್ ಮಾರಾಯ, ಸಾಕು! ಆಸ್ಪತ್ರೆಗೆ ನಾನೇ ಹೊತ್ಕೊಂಡು ಹೋಗ್ಬೇಕಾಗ್ತದೆ."

"ಸುಮ್ಕುಂದ್ರೋ, ಇನ್ನೂ ಮೂರ ಬರ್ಲಿ," ಎಂದೆ.

ಹನ್ನೊಂದನೆಯ ಬೀಜ ಅಂಚಿಗಿಟ್ಟಾಗ ಅಡುಗೆಯವರೇ ಹೊರಬಂದು ಎಣಿಸಿದರು. ಎಂಜಿನಿಯರ್ ಎದ್ದು ನಿಂತು ಕೈ ಕುಲುಕಿದರು.

ಶನಿವಾರ ಕಂಪನಿ ಬಸ್ಸು ಹತ್ತಿದರೆ, ಎರಡು ವರ್ಷ ನನ್ನನ್ನು ಮಾತಾಡಿಸದಿದ್ದವರೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಹನ್ನೊಂದು ನಿಜವೇ ಎಂದು ಕೇಳಿದರು. ಹೌದೆಂದೆ. ಬೆಳಿಗ್ಗೆ ತಿಂಡಿ ತಿನ್ನದೆ ಹೋಗಿದ್ದರೆ ಹದಿನೈದಾಗುತ್ತಿತ್ತು ಎಂದೂ ಸೇರಿಸಿದೆ.